ಬಾನೆಟ್ ಮೇಲಿನ ನಾಯಿ ನೋಡಿ ಮರುಳಾಗಬೇಡಿ: ಹಳೆಯ ಮ್ಯಾಕ್ ಲಾರಿ ಕೊಳ್ಳುವ ಮುನ್ನ

ಅಮೆರಿಕದ ಮ್ಯಾಕ್ ಕಂಪನಿಯ ಹಳೆಯ ಲಾರಿ ನೋಡಲು ಹೋದವರೆಲ್ಲ ಮೊದಲು ನೋಡುವುದು ಬಾನೆಟ್ಟಿನ ತುದಿಯಲ್ಲಿ ಕೂತಿರುವ ಬುಲ್‌ಡಾಗ್ ನಾಯಿಯನ್ನು. ನಾನೂ ಅದನ್ನೇ ಮಾಡಿದ್ದೆ. ನಾಯಿ ಪಳಪಳ ಹೊಳೆಯುತ್ತಿತ್ತು, ಕೆಂಪು ಬಣ್ಣ ಹೊಸದಾಗಿತ್ತು, ಮಾರುವವರು ಒಳ್ಳೆಯ ಮಾತುಗಾರರು, ಕಾಫಿ ಬೇರೆ ಕೊಟ್ಟರು. ಲಾರಿ ಕೆಳಗೆ ನುಗ್ಗಿ ನೋಡಿದ್ದು ಮುಂಗಡ ಕೊಟ್ಟ ಮೇಲೆ. ಚಾಸಿಸ್, ಅಂದರೆ ಲಾರಿಯನ್ನು ಹೊರುವ ಉಕ್ಕಿನ ಚೌಕಟ್ಟು, ಅದರ ಎರಡು ಪದರಗಳ ನಡುವೆ ತುಕ್ಕು ಕೂತು, ಕರಿದ ಹಪ್ಪಳದ ಹಾಗೆ ಉಕ್ಕು ಉಬ್ಬಿಕೊಂಡಿತ್ತು. ಲಾರಿ ಬಿಟ್ಟು ಬಂದೆ, ಮುಂಗಡವನ್ನೂ ಬಿಟ್ಟು ಬಂದೆ. ಈ ಲೇಖನ ಆ ದುಡ್ಡಿಗೆ ಸಿಕ್ಕ ರಸೀದಿ ಅಂದುಕೊಳ್ಳಿ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಮ್ಯಾಕ್ ಕಂಪನಿ ಬೆಳೆದ ಅಲನ್‌ಟೌನ್‌ಗೆ ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ಸ್ವಲ್ಪ ಜಾಗ, ಸ್ವಲ್ಪ ಹುಚ್ಚು ಇರುವ ಕನ್ನಡದ ಗೆಳೆಯರು ಇಲ್ಲಿ ಒಬ್ಬೊಬ್ಬರಾಗಿ ಹಳೇ ಲಾರಿ ವಿಚಾರಿಸಲು ಶುರು ಮಾಡಿದ್ದಾರೆ. ಕಂಪ್ಯೂಟರ್ ಮುಂದೆ ಕೂರುವವನಿಗೆ ಲಾರಿ ಯಾಕಪ್ಪಾ ಅಂತ ಮನೆಯಲ್ಲಿ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಕೊಳ್ಳುವುದೇ ಆದರೆ ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದಕ್ಕೆ ಇದೆ.

ಮೊದಲು ಕಂಪನಿಯ ಕಥೆ ತಿಳಿದುಕೊಳ್ಳಿ

ಲಾರಿ ಕೊಳ್ಳಲು ಇತಿಹಾಸ ಯಾಕೆ ಅಂತ ಅನಿಸಬಹುದು. ಮ್ಯಾಕ್ ವಿಷಯದಲ್ಲಿ ಬೇಕು. ಅಮೆರಿಕದ ಎಷ್ಟೋ ಭಾರಿ ಲಾರಿ ಕಂಪನಿಗಳು ಎಂಜಿನ್ ಒಬ್ಬರಿಂದ, ಗೇರ್‌ಬಾಕ್ಸ್ ಇನ್ನೊಬ್ಬರಿಂದ, ಆಕ್ಸಲ್ ಮತ್ತೊಬ್ಬರಿಂದ ತರಿಸಿ ಜೋಡಿಸುತ್ತಿದ್ದವು. ಮ್ಯಾಕ್‌ಗೆ ಮಾತ್ರ ಎಲ್ಲವನ್ನೂ ತಾನೇ ಮಾಡಬೇಕು ಅನ್ನುವ ಹಟ. ಹಾಗಾಗಿ ಲಾರಿ ಯಾವ ಕಾಲದ್ದು ಅಂತ ಗೊತ್ತಾದರೆ ಒಳಗೆ ಏನಿರಬೇಕು, ಏನನ್ನು ಕಿತ್ತು ಬೇರೆಯದು ಹಾಕಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ.

ಕಥೆ ಶುರುವಾಗುವುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಜ್ಯಾಕ್ ಮ್ಯಾಕ್ ಮತ್ತು ತಮ್ಮ ಗಸ್ 1893ರಲ್ಲಿ ಅಲ್ಲಿನ ಒಂದು ಕುದುರೆಗಾಡಿ ಕಾರ್ಖಾನೆ ಕೊಂಡರು. 1900ರಲ್ಲಿ ಅವರ ಮೊದಲ ಮೋಟಾರು ಬಸ್ಸು ಹೊರಬಂತು. ಇಪ್ಪತ್ತು ಜನ ಕೂರುವ ಈ ಬಸ್ಸು ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕ್‌ನಲ್ಲಿ ಊರು ನೋಡಲು ಬಂದವರನ್ನು ಸುತ್ತಿಸುತ್ತಿತ್ತು. ಅಂದರೆ ಲಾರಿಗೇ ಹೆಸರಾದ ಕಂಪನಿ ಹುಟ್ಟಿದ್ದು ಬಸ್ಸಿನಿಂದ. ಶುರುವಿನ ಗಾಡಿಗಳ ಮೇಲೆ ಮ್ಯಾಕ್ ಅಂತಲೂ ಇರಲಿಲ್ಲ, ಮ್ಯಾನ್‌ಹಾಟನ್ ಅಂತ ಇತ್ತು. 1905ರಲ್ಲಿ ಕೆಲಸ ಅಲನ್‌ಟೌನ್‌ಗೆ ಬಂತು. 1911ರಲ್ಲಿ ದೊಡ್ಡ ಹಣದವರು ಸೇರಿ ಕಂಪನಿಯನ್ನು ಸೌರರ್ ಎಂಬ ಇನ್ನೊಂದು ಲಾರಿ ಕಂಪನಿಯ ಜೊತೆ ಕೂಡಿಸಿದರು. ಸ್ವಲ್ಪ ದಿನಕ್ಕೇ ಜ್ಯಾಕ್ ತಮ್ಮ ಹೆಸರಿನ ಕಂಪನಿಯಿಂದ ತಾವೇ ಹೊರನಡೆದರು. 1924ರಲ್ಲಿ ಅವರ ಕಾರಿಗೆ ಹಳಿ ಮೇಲೆ ಓಡುವ ಟ್ರಾಲಿ ಬಂಡಿ ಡಿಕ್ಕಿಯಾಗಿ ತೀರಿಕೊಂಡರು. ಜೀವನಪೂರ್ತಿ ಗಾಡಿ ಕಟ್ಟಿದ ಮನುಷ್ಯ, ಪಾಪ.

ಮ್ಯಾಕ್‌ಗೆ ಹೆಸರು ತಂದದ್ದು 1916ರ ಎಸಿ ಮಾಡೆಲ್. ಅದರ ಮುಖ ವಿಚಿತ್ರ. ರೇಡಿಯೇಟರ್ ಎಂಜಿನ್ನಿನ ಮುಂದಿಲ್ಲ, ಹಿಂದಿದೆ. ಹಾಗಾಗಿ ಮೂತಿ ಮುಂದಕ್ಕೆ ಇಳಿಜಾರಾಗಿ, ಇದ್ದಿಲಿನ ಬುಟ್ಟಿ ಬೋರಲು ಹಾಕಿದ ಹಾಗೆ ಕಾಣುತ್ತದೆ. ಹಿಂದಿನ ಚಕ್ರಗಳಿಗೆ ಚೈನು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಕೆಸರಿನಲ್ಲಿ ಇದರ ಹಟ ನೋಡಿ ಬುಲ್‌ಡಾಗ್ ಅಂತ ಕರೆದರು ಅನ್ನುವುದು ಕಂಪನಿ ಹೇಳುವ ಕಥೆ. ಚಪ್ಪಟೆ ಮೂತಿ ನೋಡಿದರೆ ಕಥೆ ನಂಬುವ ಹಾಗೇ ಇದೆ. ಎಸಿ ಮಾಡೆಲ್ ಎರಡು ದಶಕಕ್ಕೂ ಜಾಸ್ತಿ ಕಾಲ ತಯಾರಾಯಿತು, ಸುಮಾರು 40,000 ಹೊರಬಂದವು. ಹೂವರ್ ಅಣೆಕಟ್ಟು ಕಟ್ಟುವಾಗ ಕಲ್ಲು ಮಣ್ಣು ಹೊತ್ತ ಲಾರಿಗಳಲ್ಲಿ ಮ್ಯಾಕ್ ಕೂಡ ಇತ್ತು. ಇಂದಿಗೂ ಇಲ್ಲಿ ಗಟ್ಟಿಮುಟ್ಟಾದ ಆಳನ್ನು ಮ್ಯಾಕ್ ಟ್ರಕ್ಕಿನ ಹಾಗಿದ್ದಾನೆ ಅನ್ನುತ್ತಾರೆ, ನಾವು ಕಲ್ಲುಗುಂಡಿನ ಹಾಗಿದ್ದಾನೆ ಅನ್ನುವುದಿಲ್ಲವೇ, ಹಾಗೆ.

ಬಾನೆಟ್ ಮೇಲಿನ ನಾಯಿ ಬಂದದ್ದು 1932ರಲ್ಲಿ. ಕಂಪನಿಯ ಮುಖ್ಯ ಎಂಜಿನಿಯರ್ ಆಲ್ಫ್ರೆಡ್ ಮೇಸುರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊತ್ತು ಹೋಗದೆ ಮರದ ತುಂಡಿನಲ್ಲಿ ಕೆತ್ತಿದ ನಾಯಿ ಅದು. ಮರುವರ್ಷ ಏಪ್ರಿಲ್‌ನಲ್ಲಿ ಅಕ್ರನ್ ಎಂಬ ನೌಕಾಪಡೆಯ ವಾಯುನೌಕೆ ಸಮುದ್ರಕ್ಕೆ ಬಿದ್ದಾಗ ಅದರಲ್ಲಿದ್ದ ಅವರೂ ಹೋದರು. ನಾಯಿ ಉಳಿಯಿತು. ನಾಯಿ ಬಂಗಾರದ ಬಣ್ಣದ್ದಾಗಿದ್ದರೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಮೂರೂ ಮ್ಯಾಕ್‌ನದೇ ಅಂತ ಅರ್ಥ, ಬೆಳ್ಳಿ ಬಣ್ಣದ್ದಾದರೆ ಬೇರೆಯವರ ಭಾಗ ಸೇರಿದೆ ಅಂತ. ಮಾರುವವರು ಇದನ್ನು ಬಹಳ ಗತ್ತಿನಿಂದ ಹೇಳುತ್ತಾರೆ. ಆದರೆ ಎಪ್ಪತ್ತು ವರ್ಷದ ಲಾರಿಯ ಮೇಲಿನ ನಾಯಿಯನ್ನು ಎಷ್ಟು ಜನ ಬದಲಿಸಿದ್ದಾರೋ, ಎರಡು ಬೋಲ್ಟಿನ ಕೆಲಸ. ಬಂಗಾರದ ನಾಯಿ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೇ ಮೊದಲೇ ಹೇಳಿದ್ದು, ನಾಯಿ ನೋಡಬೇಡಿ.

ಮುಂದಿನ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1938ರಲ್ಲಿ ಮ್ಯಾಕ್ ತನ್ನದೇ ಡೀಸೆಲ್ ಎಂಜಿನ್ ಮಾಡಿತು. 1940ರಲ್ಲಿ ಎಲ್ ಮಾಡೆಲ್, 1953ರಲ್ಲಿ ಬಿ ಮಾಡೆಲ್, 1960ರ ದಶಕದ ನಡುವಿನಲ್ಲಿ ಆರ್ ಮಾಡೆಲ್ ಬಂದವು. ಆಮೇಲೆ ಕಂಪನಿ ಕೈ ಬದಲಾಯಿಸುತ್ತಾ ಹೋಗಿ, ಫ್ರಾನ್ಸಿನ ರೆನೋ ಕೈಯಲ್ಲಿದ್ದು, 2001ರ ಹೊತ್ತಿಗೆ ವೋಲ್ವೋ ಪಾಲಾಯಿತು.

ಯಾವ ಮಾಡೆಲ್ ಅಂತ ಮನೆಯಲ್ಲೇ ತೀರ್ಮಾನಿಸಿ

ಎಸಿ ಮಾಡೆಲ್ ಮೋಹ ಬೇಡ. ಚೈನು ಲಾರಿ ನೋಡಲು ಚೆಂದ, ಭಾಗ ಹುಡುಕಲು ಆಯಸ್ಸು ಸಾಲದು. ಎಲ್ ಮಾಡೆಲ್ ನನ್ನ ಕಣ್ಣಿಗೆ ಎಲ್ಲಕ್ಕಿಂತ ಸುಂದರ, ಆದರೆ ಮೊದಲ ಲಾರಿಯಾಗಿ ಅದೂ ಬೇಡ.

ಮೊದಲ ಸಲ ಕೊಳ್ಳುವವರಿಗೆ ಎರಡೇ ದಾರಿ. ಒಂದು ಬಿ ಮಾಡೆಲ್, ಅದರಲ್ಲೂ ಬಿ-61. 1953ರಿಂದ 1966ರವರೆಗೆ ಬಿ ಸಾಲಿನ ಲಾರಿಗಳು ಸುಮಾರು 1,27,000 ತಯಾರಾದವು, ಅದರಲ್ಲಿ ಬಿ-61 ಒಂದೇ 47,000ಕ್ಕೂ ಜಾಸ್ತಿ. ಅಷ್ಟು ಇದ್ದದ್ದರಿಂದಲೇ ಇವತ್ತಿಗೂ ಗುಜರಿಯಲ್ಲಿ, ಹೊಲದ ಬೇಲಿ ಪಕ್ಕದಲ್ಲಿ ಭಾಗ ಸಿಗುತ್ತವೆ. ಗುಂಡು ಮಡ್‌ಗಾರ್ಡು, ಎರಡು ತುಂಡಿನ ಮುಂದಿನ ಗಾಜು, ಪಕ್ಕದಿಂದ ರೆಕ್ಕೆಯ ಹಾಗೆ ಎತ್ತುವ ಕಬ್ಬಿಣದ ಬಾನೆಟ್. ಬಿ ಮಾಡೆಲ್ ಬಂದ ಮರುವರ್ಷ, 1954ರಲ್ಲಿ, ಜಮ್‌ಶೆಡ್‌ಪುರದಲ್ಲಿ ಟಾಟಾದವರು ಬೆಂಝ್ ಲಾರಿ ಮಾಡಲು ಶುರು ಮಾಡಿದರು. ಊರಲ್ಲಿ ಆ ಮೂತಿಯ ಲಾರಿ ನೋಡಿ ಬೆಳೆದವರಿಗೆ ಬಿ-61 ನೋಡಿದರೆ ದೂರದ ದಾಯಾದಿಯನ್ನು ಕಂಡ ಹಾಗೆ ಆಗುತ್ತದೆ. ನನಗಂತೂ ಆಯಿತು.

ಇನ್ನೊಂದು ಆರ್ ಮಾಡೆಲ್. ಇದಕ್ಕೆ ಫೈಬರ್ ಬಾನೆಟ್, ಇಡಿಯಾಗಿ ಮುಂದಕ್ಕೆ ಬಾಗುತ್ತದೆ, ಎಂಜಿನ್ ಕೆಲಸ ಸುಲಭ. ಭಾಗಗಳು ಜಾಸ್ತಿ ಸಿಗುತ್ತವೆ. ಓಡಿಸುವ ಆಸೆ ಇದ್ದರೆ ಆರ್, ನಾಲ್ಕು ಜನ ನಿಂತು ನೋಡಲಿ ಅಂತಿದ್ದರೆ ಬಿ. ಇನ್ನು ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಬಿ-61 ಇಟ್ಟುಕೊಂಡು.

ನಂಬರ್ ಓದಿ

ಲಾರಿ ಹತ್ತಿರ ಹೋದ ತಕ್ಷಣ ಬಣ್ಣ ಬಿಡಿ, ನಂಬರ್ ಹುಡುಕಿ. ಕ್ಯಾಬಿನ್ ಒಳಗೆ ತಗಡಿನ ಪಟ್ಟಿ ಇರುತ್ತದೆ. ಅದೇ ನಂಬರ್ ಮುಂಚಕ್ರದ ಬಳಿ ಚಾಸಿಸ್ ಮೇಲೂ ಹೊಡೆದಿರುತ್ತದೆ. ವೈರ್ ಬ್ರಷ್ ಮತ್ತು ಸೀಮೆಸುಣ್ಣ ತಗೊಂಡು ಹೋಗಿ. ಉಜ್ಜಿ, ಮೇಲೆ ಸುಣ್ಣ ಸವರಿದರೆ ಅಂಕಿ ಎದ್ದು ಕಾಣುತ್ತದೆ. ಪಟ್ಟಿ ಮೇಲಿನದು, ಚಾಸಿಸ್ ಮೇಲಿನದು, ಮಾಲೀಕತ್ವದ ಕಾಗದದಲ್ಲಿರುವುದು, ಮೂರೂ ಒಂದೇ ಆಗಿರಬೇಕು. ಒಂದು ಅಂಕಿ ತಪ್ಪಿದ್ದರೂ ಅದನ್ನು ಸರಿಮಾಡಿಸುವ ಕೆಲಸ ಮಾರುವವರದು, ನಿಮ್ಮದಲ್ಲ. ಆಮೇಲೆ ನೋಡೋಣ ಅಂದರೆ ಕೈಮುಗಿದು ಹೊರಡಿ.

ನಂಬರಿನಲ್ಲೇ ಜಾತಕ ಇದೆ. 61 ಅಂದರೆ ಡೀಸೆಲ್, ಅದರ ಜೋಡಿ 60 ಪೆಟ್ರೋಲ್. ಹಾಗೆಯೇ 81 ಡೀಸೆಲ್, 80 ಪೆಟ್ರೋಲ್. ಅಂಕಿ ಆದ ಮೇಲೆ ಟಿ ಅಕ್ಷರ ಇದ್ದರೆ ಟ್ರೇಲರ್ ಎಳೆಯಲು ಮಾಡಿದ ಗಾಡಿ, ಎಸ್ ಇದ್ದರೆ ಹಿಂದೆ ಎರಡು ಆಕ್ಸಲ್, ಎಕ್ಸ್ ಇದ್ದರೆ ಕಲ್ಲುಗಣಿಯಂಥ ಒರಟು ಕೆಲಸಕ್ಕೆ ಕಟ್ಟಿದ್ದು. ಎಕ್ಸ್ ಅಂತ ಕಂಡರೆ ಇದು ಬದುಕಿಡೀ ಪೆಟ್ಟು ತಿಂದಿದೆ ಅಂತ ತಿಳಿದು ಚಾಸಿಸ್‌ನ ಎರಡು ಸಲ ನೋಡಿ. ಅಲನ್‌ಟೌನ್‌ನಲ್ಲಿ ಮ್ಯಾಕ್‌ನ ಸಂಗ್ರಹಾಲಯ ಇದೆ, ಹಳೆಯ ಲಾರಿಗಳ ತಯಾರಿಕೆಯ ದಾಖಲೆಗಳನ್ನು ಅಲ್ಲಿ ಇಟ್ಟಿದ್ದಾರೆ. ಚಾಸಿಸ್ ನಂಬರ್ ಕೊಟ್ಟು ವಿಚಾರಿಸಿ. ಕಾರ್ಖಾನೆ ಬಿಟ್ಟಾಗ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಇತ್ತು ಅಂತ ಗೊತ್ತಾದರೆ, ಇದೆಲ್ಲ ಒರಿಜಿನಲ್ ಸಾರ್ ಅನ್ನುವ ಮಾತನ್ನು ಅಲ್ಲೇ ಅಳೆಯಬಹುದು.

ಕೆಳಗೆ ಮಲಗಿ ಚಾಸಿಸ್ ನೋಡಿ

ಇಲ್ಲಿ ಅರ್ಧ ದಿನ ಹೋದರೂ ಸರಿ. ಹಳೆಯ ಅಂಗಿ ಹಾಕಿಕೊಂಡು, ಟಾರ್ಚು ಮತ್ತು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ನುಗ್ಗಿ. ಭಾರಿ ಕೆಲಸದ ಲಾರಿಗಳಿಗೆ ಒಂದು ಚಾಸಿಸ್ ಒಳಗೆ ಇನ್ನೊಂದನ್ನು ಕೂರಿಸಿರುತ್ತಾರೆ. ಎರಡರ ನಡುವೆ ನೀರು, ಉಪ್ಪು ಸೇರಿದರೆ ತುಕ್ಕು ಬೆಳೆಯುತ್ತದೆ. ತುಕ್ಕು ಉಕ್ಕಿಗಿಂತ ಜಾಸ್ತಿ ಜಾಗ ತಿನ್ನುತ್ತೆ, ಹಾಗಾಗಿ ಪದರಗಳು ಒಂದನ್ನೊಂದು ತಳ್ಳಿಕೊಂಡು, ಬೋಲ್ಟುಗಳ ನಡುವೆ ಅಲೆಅಲೆಯಾಗಿ ಉಬ್ಬುತ್ತವೆ. ಚಾಸಿಸ್ ಉದ್ದಕ್ಕೂ ನೇರವಾದ ಮರದ ಪಟ್ಟಿ ಹಿಡಿದು ನೋಡಿ, ಸಂದು ಕಂಡರೆ ಒಳಗೆ ತುಕ್ಕು ಇದೆ. ಇದನ್ನು ಸರಿಮಾಡಬೇಕಾದರೆ ಮೈಮೇಲಿನದೆಲ್ಲ ಬಿಚ್ಚಬೇಕು. ಅಷ್ಟು ಬಿಚ್ಚಿದ ಲಾರಿ ಮತ್ತೆ ಜೋಡಿಯಾಗುವುದು ಅಪರೂಪ. ಎಷ್ಟು ಮನೆಗಳ ಹಿತ್ತಲಲ್ಲಿ ನೋಡಿಲ್ಲ!

ನಮ್ಮ ಪೂರ್ವದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಪಶ್ಚಿಮದ ಒಣ ರಾಜ್ಯದಲ್ಲಿ ದುಡಿದ ಲಾರಿ ಸಿಕ್ಕರೆ ಸಾಗಣೆ ಖರ್ಚು ಸೇರಿಸಿದರೂ ಅಗ್ಗವಾಗಬಹುದು. ಹೊಸ ಬಣ್ಣದ ಬಗ್ಗೆ ಹುಷಾರು. ತುಕ್ಕಿನ ಮೇಲೇ ಬಣ್ಣ ಹೊಡೆದಿದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳ್ಳೆ ಉಕ್ಕು ಗಂಟೆಯ ಹಾಗೆ ಣಣ್ ಅನ್ನುತ್ತದೆ, ಕೊಳೆತದ್ದು ಕುಂಬಳಕಾಯಿ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಸ್ಪ್ರಿಂಗ್ ಪ್ಲೇಟು ಕೂರುವ ಬ್ರ್ಯಾಕೆಟ್, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಇವುಗಳ ಸುತ್ತ ಬಿರುಕು, ಹಳೆಯ ವೆಲ್ಡಿಂಗ್ ಇದೆಯಾ ನೋಡಿ. ಕ್ಯಾಬಿನ್ನಿನ ಹಿಂಮೂಲೆ, ನೆಲ, ಬಾಗಿಲಿನ ಕೆಳಅಂಚು ತುಕ್ಕು ಹಿಡಿದೇ ಇರುತ್ತವೆ. ಅದು ತಗಡಿನ ಕೆಲಸ, ಚೌಕಾಸಿಗೆ ಬಳಸಿಕೊಳ್ಳಿ, ಅದಕ್ಕೆ ಹೆದರಿ ಲಾರಿ ಬಿಡಬೇಡಿ.

ಹಿಂದೆ ಎರಡು ಆಕ್ಸಲ್ ಇದ್ದರೆ ಒಂಟೆ ಬೆನ್ನಿನ ಹಾಗೆ ಮೇಲಕ್ಕೆ ಬಾಗಿದ ಸ್ಪ್ರಿಂಗ್ ಕಟ್ಟು ಕಾಣಬಹುದು, ಮ್ಯಾಕ್‌ನವರು ಅದನ್ನು ಒಂಟೆಬೆನ್ನು ಅಂತಲೇ ಮಾರಿದ್ದು. ಅದರ ಎರಡೂ ತುದಿಯ ರಬ್ಬರ್ ನೋಡಿ. ಎರಡು ಆಕ್ಸಲ್ ನಡುವೆ ಬಲ ಹಂಚುವ ಭಾಗದೊಳಗೆ ಸಣ್ಣ ಉಕ್ಕಿನ ಬೆಣೆಗಳಿರುತ್ತವೆ, ಇಲ್ಲಿನ ಮೆಕ್ಯಾನಿಕ್‌ಗಳು ಅವಕ್ಕೆ ಕಡ್ಲೆಕಾಯಿ ಅನ್ನುತ್ತಾರೆ. ಸುಳ್ಳಲ್ಲ. ಮುಂದಿನ ಆಕ್ಸಲ್‌ಗೆ ಹೊಸ ಟೈರು, ಹಿಂದಿನದಕ್ಕೆ ಸವೆದ ಟೈರು ಹಾಕಿ ಓಡಿಸಿದ್ದರೆ ಈ ಕಡ್ಲೆಕಾಯಿ ಸವೆದುಹೋಗಿರುತ್ತದೆ. ಟೈರುಗಳ ಎತ್ತರ ಒಂದೇ ಇದೆಯಾ, ಟೇಪು ಹಿಡಿದು ಅಳೆಯಿರಿ.

ಚಕ್ರ ಮುಟ್ಟುವ ಮೊದಲು ನಿಲ್ಲಿ

ಈ ಭಾಗ ಓದದೆ ಮುಂದೆ ಹೋಗಬೇಡಿ. ಆಗಿನ ಲಾರಿಗಳಲ್ಲಿ ಟ್ಯೂಬ್ ಟೈರು, ಎರಡು ಮೂರು ತುಂಡಿನ ರಿಮ್ಮು. ಊರಿನ ಪಂಕ್ಚರ್ ಅಂಗಡಿಯಲ್ಲಿ ಲಾರಿ ಟೈರಿಗೆ ಗಾಳಿ ಹಿಡಿಯುವಾಗ ಹುಡುಗ ದೂರ ನಿಲ್ಲುವುದನ್ನು ನೋಡಿದ್ದೀರಲ್ವಾ? ರಿಂಗು ಸರಿಯಾಗಿ ಕೂರದಿದ್ದರೆ ಗುಂಡಿನ ಹಾಗೆ ಹಾರುತ್ತದೆ, ತಲೆ ಹೋಗುತ್ತದೆ. ಅದರಲ್ಲೂ ಮಧ್ಯಕ್ಕೆ ಸೀಳಿ ಎರಡೇ ತುಂಡಾಗುವ ಒಂದು ಬಗೆಯ ರಿಮ್ಮಿಗೆ ಇಲ್ಲಿ ಇಟ್ಟಿರುವ ಅಡ್ಡಹೆಸರನ್ನು ನಮ್ಮ ಮಾತಿನಲ್ಲಿ ಹೇಳಬೇಕಾದರೆ ತಾಳಿ ಕೀಳೋ ರಿಮ್ಮು. ಅದು ಕಂಡರೆ ಗಾಳಿ ತುಂಬಬೇಡಿ, ರಿಮ್ಮು ಬಿಚ್ಚಬೇಡಿ, ಚಕ್ರ ಕಳಚಬೇಕಾದರೂ ಬೋಲ್ಟು ಸಡಿಲ ಮಾಡುವ ಮುಂಚೆ ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಇಳಿಸಿ. ತುಂಡು ರಿಮ್ಮು ಯಾವುದೇ ಇರಲಿ, ಗಾಳಿ ತುಂಬುವುದು ಕಬ್ಬಿಣದ ಪಂಜರದ ಒಳಗಿಟ್ಟೇ. ಅಮೆರಿಕದ ಕಾರ್ಮಿಕ ಸುರಕ್ಷೆಯ ನಿಯಮ ಕೂಡ ಟೈರು ಅಂಗಡಿಗಳಿಗೆ ಇದನ್ನೇ ಹೇಳುತ್ತದೆ.

ನಾನು ಹೇಳುವುದು, ಲಾರಿ ಬೆಲೆಗೆ ಟ್ಯೂಬ್‌ಲೆಸ್ ರಿಮ್ಮಿನ ಖರ್ಚನ್ನು ಮೊದಲ ದಿನವೇ ಸೇರಿಸಿಬಿಡಿ. ಬಿ-61ಗಳಲ್ಲಿ ಹೆಚ್ಚಾಗಿ ಡೇಟನ್ ಅನ್ನುವ ಕೈಕಾಲಿನಂಥ ಎರಕದ ಚಕ್ರ ಇರುತ್ತದೆ, ರಿಮ್ಮು ಮಾತ್ರ ಬೇರೆಯಾಗಿ ಕಳಚುತ್ತದೆ. ಹಳೆಯ 20 ಇಂಚಿನ ರಿಮ್ಮು ಕೂರುತ್ತಿದ್ದ ಡೇಟನ್ ಮೇಲೆ 22.5 ಇಂಚಿನ ಟ್ಯೂಬ್‌ಲೆಸ್ ರಿಮ್ಮು ಕೂರುತ್ತದೆ, 22 ಇಂಚಿನದಕ್ಕೆ 24.5. 10.00-20 ಟೈರಿಗೆ ಬದಲು 11ಆರ್22.5 ಹಾಕುತ್ತಾರೆ. ಡೇಟನ್ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದೇ ಕಡೆ ಜಗ್ಗಿದರೆ ಚಕ್ರ ಕುಡಿದವನ ಹಾಗೆ ಓಲಾಡುತ್ತದೆ. ಟೈರಿನ ಪಕ್ಕ ಇಟ್ಟಿಗೆ ಇಟ್ಟು ಚಕ್ರ ತಿರುಗಿಸಿ, ಸಂದು ಹೆಚ್ಚುಕಡಿಮೆ ಆಗದಂತೆ ಸರಿಮಾಡಿ.

ಬ್ರೇಕು, ಎಂಜಿನ್‌ಗಿಂತ ಮೊದಲು

ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುವ ಆತುರ ಮಾರುವವರಿಗೆ ಇರುತ್ತದೆ. ಮಾಡಲಿ ಬಿಡಿ. ಈ ಲಾರಿಗಳ ಬ್ರೇಕು ನಡೆಯುವುದು ಎಂಜಿನ್ ತುಂಬಿಸುವ ಗಾಳಿಯಿಂದ, ಆ ಗಾಳಿಯಲ್ಲಿ ನೀವು ಬ್ರೇಕು ಪರೀಕ್ಷೆ ಮಾಡಿ.

1970ರ ದಶಕದ ನಡುವಿಗೆ ಮೊದಲಿನ ಲಾರಿಗಳಲ್ಲಿ ಏರ್ ಬ್ರೇಕು ಒಂದೇ ಸಾಲಿನದು. ಒಂದು ಪೈಪು ಹರಿದರೆ ಪೂರ್ತಿ ಬ್ರೇಕು ಹೋದಂತೆ. ಗಾಳಿ ಹೋದಾಗ ತಾನಾಗಿ ಹಿಡಿಯುವ ಸ್ಪ್ರಿಂಗ್ ಬ್ರೇಕು ಕೂಡ ಹಳೆಯವುಗಳಲ್ಲಿ ಇರುವುದಿಲ್ಲ. ಮೊದಲು ಚಕ್ರಕ್ಕೆ ಅಡ್ಡ ಕೊಡಿ. ಎಂಜಿನ್ ನಿಧಾನಕ್ಕೆ ಓಡುವಾಗ ಗಾಳಿಯ ಮೀಟರ್ 50ರಿಂದ 90 ಪಿಎಸ್‌ಐಗೆ ಮೂರು ನಿಮಿಷದೊಳಗೆ ಏರಬೇಕು. ಟ್ಯಾಂಕ್ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ. ಬ್ರೇಕು ತುಳಿಯದೆ ಒಂದು ನಿಮಿಷಕ್ಕೆ 2 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಪೆಡಲ್ ಒತ್ತಿ ಹಿಡಿದರೆ ನಿಮಿಷಕ್ಕೆ 3 ದಾಟಬಾರದು. ಆಮೇಲೆ ಪೆಡಲ್ ಮತ್ತೆ ಮತ್ತೆ ತುಳಿದು ಗಾಳಿ ಖಾಲಿ ಮಾಡುತ್ತಾ ಹೋಗಿ, 60ರ ಆಸುಪಾಸಿಗೆ ಬರುವಷ್ಟರಲ್ಲಿ ಎಚ್ಚರಿಕೆಯ ದೀಪವೋ ಬಜರ್ರೋ ಕೂಗಬೇಕು. ಕೂಗದಿದ್ದರೆ ಬರೆದುಕೊಳ್ಳಿ. ಟ್ಯಾಂಕಿನ ಕೆಳಗಿನ ಕಾಕ್ ತೆರೆದರೆ ನೀರು ಬರುತ್ತದಾ ನೋಡಿ, ಹಾಲಿನ ಹಾಗೆ ಎಣ್ಣೆ ನೀರು ಬೆರೆತು ಬಂದರೆ ಗಾಳಿ ತುಂಬುವ ಕಂಪ್ರೆಸರ್ ಸವೆದಿದೆ.

ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಬ್ರೇಕು ಮತ್ತು ಎರಡು ಸಾಲಿನ ಏರ್ ವ್ಯವಸ್ಥೆ ಹಾಕಿಸುವುದನ್ನು ಹಳೆಯದನ್ನು ಹಾಗೇ ಉಳಿಸಬೇಕು ಅನ್ನುವವರು ಒಪ್ಪುವುದಿಲ್ಲ. ನಾನು ಹಾಕಿಸಿದ್ದೇನೆ. ರಸ್ತೆಯಲ್ಲಿ ಮುಂದೆ ಇರುವುದು ಯಾರದೋ ಮಕ್ಕಳು ಕೂತ ಕಾರು. ಡ್ರಮ್ ಬಿಚ್ಚುವಾಗ ಧೂಳನ್ನು ಗಾಳಿ ಹಿಡಿದು ಊದಬೇಡಿ, ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಎಂಜಿನ್

ಬಿ-61ರಲ್ಲಿ ಸಾಮಾನ್ಯವಾಗಿ ಇರುವುದು ಇಎನ್‌ಡಿ 673 ಡೀಸೆಲ್. 673 ಅಂದರೆ ಹೆಚ್ಚುಕಡಿಮೆ ಅಷ್ಟು ಘನ ಇಂಚು, ನಮ್ಮ ಲೆಕ್ಕದಲ್ಲಿ 11 ಲೀಟರ್. ಶಕ್ತಿ 170 ಕುದುರೆ, ನಿಮಿಷಕ್ಕೆ 2100 ಸುತ್ತಿನಲ್ಲಿ. ಹೆಸರಿನ ಕೊನೆಗೆ ಟಿ ಸೇರಿ ಇಎನ್‌ಡಿಟಿ ಆಗಿದ್ದರೆ ಟರ್ಬೋ ಇದೆ, 205 ಕುದುರೆ. ಇವತ್ತಿನ ಮಾಮೂಲಿ ಪಿಕಪ್ ಗಾಡಿ ಇದಕ್ಕಿಂತ ಜಾಸ್ತಿ ಕುದುರೆ ತೋರಿಸುತ್ತದೆ, ಆದರೆ ಅದರ ಹಿಂದೆ ಇಪ್ಪತ್ತು ಟನ್ ಕಟ್ಟಿ ನೋಡಿ.

ನಿಂತು ವರ್ಷಗಳಾದ ಎಂಜಿನ್‌ಗೆ ಸುಮ್ನೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಲು ಬಿಡಬೇಡಿ. ಮೊದಲು ಕೈಯಿಂದ, ಸಲಾಕೆ ಹಾಕಿ, ಎರಡು ಸುತ್ತು ತಿರುಗಿಸಿ. ಎಂಜಿನ್ ಆಯಿಲ್ ಗೇಜ್ ಎಳೆದು ನೋಡಿ, ಟೀ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಡೀಸೆಲ್ ಪಂಪಿನ ಒಳಗಿನ ಹಲ್ಲಿನ ಕೋಲು ಅಂಟಿಕೊಂಡಿರಬಹುದು. ಅದು ಪೂರ್ತಿ ತೆರೆದ ಜಾಗದಲ್ಲೇ ಅಂಟಿದ್ದರೆ ಸ್ಟಾರ್ಟ್ ಆದ ಕ್ಷಣದಿಂದ ಎಂಜಿನ್ ಹುಚ್ಚು ಹಿಡಿದಂತೆ ಏರುತ್ತಾ ಹೋಗುತ್ತದೆ, ನಿಲ್ಲಿಸುವ ಗುಬುಟು ಎಳೆದರೂ ಕೇಳುವುದಿಲ್ಲ. ಅದಕ್ಕೇ ಏರ್ ಕ್ಲೀನರ್ ಪೈಪು ಬಿಚ್ಚಿ, ಪಕ್ಕದಲ್ಲೇ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಗಾಳಿ ಮುಚ್ಚಿದರೆ ಸಾಯುತ್ತದೆ. ಹಲಗೆಯಿಂದ, ಕೈಯಿಂದ ಅಲ್ಲ! ಕೆಲವು ಹಳೆಯ ಡೀಸೆಲ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ಮಾತ್ರ 24 ವೋಲ್ಟ್, ಉಳಿದದ್ದಕ್ಕೆ 12 ವೋಲ್ಟ್. ವೈರು ತಿಳಿಯದೆ ಕಾರಿನಿಂದ ಬ್ಯಾಟರಿ ಜೋಡಿಸಲು ಹೋಗಬೇಡಿ.

ಸ್ಟಾರ್ಟ್ ಆದಾಗ ಬಿಳಿ ಹೊಗೆ ಬಂದು, ಬಿಸಿಯಾದ ಮೇಲೆ ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಕುಡಿಯುತ್ತಿದೆ. ಎಂಜಿನ್ ಕೆಟ್ಟಿದ್ದರೂ ನಾನು ಲಾರಿ ಬಿಡುವುದಿಲ್ಲ. 673 ಎಂಜಿನ್ ಬಲ್ಲ ಅಜ್ಜಂದಿರು ಪೆನ್ಸಿಲ್ವೇನಿಯಾದಲ್ಲಿ ಇನ್ನೂ ಇದ್ದಾರೆ. ಕೊಳೆತ ಚಾಸಿಸ್‌ಗೆ ಅಜ್ಜಂದಿರಿಲ್ಲ.

ಕಾಗದ, ಮನೆಗೆ ತರುವುದು

ಪೆನ್ಸಿಲ್ವೇನಿಯಾದಲ್ಲಿ 25 ವರ್ಷ ದಾಟಿದ ಗಾಡಿಗೆ ಹಳೆಗಾಡಿಯ ನಂಬರ್ ಪ್ಲೇಟ್ ಸಿಗುತ್ತದೆ, ಆದರೆ ದಿನಾ ಬಾಡಿಗೆಗೆ ಓಡಿಸಲು ಅಲ್ಲ. ಲೈಸೆನ್ಸ್ ವಿಚಾರ ರಾಜ್ಯಕ್ಕೊಂದು ತರ. 26,000 ಪೌಂಡ್ ಮೀರಿದ ಬಾಡಿಗೆ ಗಾಡಿಗೆ ವಾಣಿಜ್ಯ ಲೈಸೆನ್ಸ್ ಬೇಕೇ ಬೇಕು. ಸ್ವಂತ ಹವ್ಯಾಸಕ್ಕೆ ಹಲವು ರಾಜ್ಯಗಳು ವಿನಾಯಿತಿ ಕೊಡುತ್ತವೆ. ನಿಮ್ಮ ರಾಜ್ಯದ ಕಚೇರಿಯಲ್ಲಿ ಕೇಳಿ, ವಿಮೆಯವರಿಗೆ ಅದು ಖಾಲಿ ಓಡುವ ಹವ್ಯಾಸದ ಲಾರಿ ಅಂತ ಸ್ಪಷ್ಟವಾಗಿ ಬರೆದುಕೊಡಿ.

ಕೊಂಡ ದಿನವೇ ಓಡಿಸಿಕೊಂಡು ಬರುವ ಸಿನಿಮಾ ಬೇಡ. ದೊಡ್ಡ ಟ್ರೇಲರ್ ಮೇಲೆ ಹೇರಿಸಿ ತನ್ನಿ. ಹಿಂದಿನ ಚಕ್ರ ನೆಲದ ಮೇಲಿಟ್ಟು ಎಳೆಸಿದರೆ ಗೇರ್‌ಬಾಕ್ಸ್ ತಿರುಗುತ್ತೆ, ಆದರೆ ಆಯಿಲ್ ಸರಿಯಾಗಿ ಏರುವುದಿಲ್ಲ, ದಾರಿಯಲ್ಲೇ ಸುಟ್ಟುಹೋಗುತ್ತದೆ. ಎಳೆಸಲೇಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ ಅಥವಾ ಆಕ್ಸಲ್ ಶಾಫ್ಟ್ ಬಿಚ್ಚಿ.

ಎರಡು ಗೇರ್ ಕಡ್ಡಿ

ಕ್ಯಾಬಿನ್ ಹತ್ತಿದ ತಕ್ಷಣ ಎರಡು ಗೇರ್ ಕಡ್ಡಿ ಕಂಡು ಗಾಬರಿ ಆಗಬಹುದು. ಆಗಿನ ಡೀಸೆಲ್‌ಗೆ ಜೀವ ಇದ್ದದ್ದು ಸಣ್ಣ ವ್ಯಾಪ್ತಿಯ ಸುತ್ತಿನಲ್ಲಿ ಮಾತ್ರ, ಅದನ್ನು ಅಲ್ಲೇ ಇಡಲು ಗೇರ್ ಜಾಸ್ತಿ ಬೇಕಿತ್ತು. ಮುಖ್ಯ ಗೇರ್‌ಬಾಕ್ಸ್‌ನಲ್ಲಿ ಐದು, ಇನ್ನೊಂದು ಕಡ್ಡಿಯಲ್ಲಿ ಎರಡಿದ್ದರೆ ಡ್ಯೂಪ್ಲೆಕ್ಸ್, ಒಟ್ಟು 10. ಮೂರಿದ್ದರೆ ಟ್ರಿಪ್ಲೆಕ್ಸ್, 15. ನಾಲ್ಕಿದ್ದರೆ ಕ್ವಾಡ್ರುಪ್ಲೆಕ್ಸ್, 20. ಎರಡನ್ನೂ ಒಟ್ಟಿಗೆ ಬದಲಿಸಬೇಕಾದಾಗ ಹಳೆಯ ಡ್ರೈವರುಗಳು ಎಡಗೈಯನ್ನು ಸ್ಟೇರಿಂಗ್ ಚಕ್ರದ ಒಳಗಿಂದ ತೂರಿಸಿ ಒಂದು ಕಡ್ಡಿ, ಬಲಗೈಯಲ್ಲಿ ಇನ್ನೊಂದು ಹಿಡಿಯುತ್ತಿದ್ದರು. ನೀವು ಮಾಡಬೇಡಿ, ಚಕ್ರ ತಿರುಗಿದರೆ ಕೈ ಮುರಿಯುತ್ತದೆ. ಆರ್ ಮಾಡೆಲ್ ಕಾಲಕ್ಕೆ ಬಂದ ಮ್ಯಾಕ್ಸಿಡೈನ್ ಎಂಜಿನ್ 237 ಕುದುರೆಯನ್ನು 1200ರಿಂದ 2100 ಸುತ್ತಿನವರೆಗೂ ಹೆಚ್ಚುಕಡಿಮೆ ಒಂದೇ ಸಮ ಕೊಡುತ್ತಿತ್ತು, ಅದಕ್ಕೆ ಐದೇ ಗೇರ್ ಸಾಕಾಯಿತು. ಎರಡು ಕಡ್ಡಿ ಬೇಡ ಅನ್ನುವವರು ಅದನ್ನೇ ಹುಡುಕಿ.

ಕಲಿಯುವಾಗ ಎರಡನೇ ಕಡ್ಡಿಯನ್ನು ನೇರ ಗೇರಿನಲ್ಲಿ ಬಿಟ್ಟು, ಮುಖ್ಯ ಐದು ಗೇರಿನಲ್ಲೇ ಖಾಲಿ ಮೈದಾನದಲ್ಲಿ ಓಡಿಸಿ. ಡಬಲ್ ಕ್ಲಚ್ ಬೇಕೇ ಬೇಕು. ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಸುತ್ತು ಇಳಿಯಲು ಕಾಯಿರಿ, ಮತ್ತೆ ತುಳಿದು ಮುಂದಿನ ಗೇರ್. ಕೆಳಗಿನ ಗೇರಿಗೆ ಬರುವಾಗ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒಂದು ಸಲ ಒತ್ತಿ ಸುತ್ತು ಏರಿಸಿ. ಊರಲ್ಲಿ ಹಳೇ ಲೇಲ್ಯಾಂಡ್ ಓಡಿಸಿದ ಮಾವನೋ ಚಿಕ್ಕಪ್ಪನೋ ಇದ್ದರೆ ವಿಡಿಯೋ ಕಾಲ್ ಮಾಡಿ ಕೇಳಿ, ಅರ್ಧ ಗಂಟೆ ಖುಷಿಯಾಗಿ ಹೇಳಿಕೊಡುತ್ತಾರೆ. ಕ್ಲಚ್ ಪೆಡಲನ್ನು ಪೂರ್ತಿ ನೆಲಕ್ಕೆ ತುಳಿದರೆ ಕ್ಲಚ್ ಬ್ರೇಕ್ ಹಿಡಿಯುತ್ತದೆ, ಅದು ನಿಂತ ಲಾರಿಗೆ ಮೊದಲ ಗೇರ್ ಹಾಕಲು ಮಾತ್ರ. ಓಡುವಾಗ ಅಷ್ಟು ಆಳಕ್ಕೆ ತುಳಿಯಬೇಡಿ.

ಕೈ ಕುದುರಿದ ಮೇಲೆ ಜೂನ್ ತಿಂಗಳಿನಲ್ಲಿ ಅಲನ್‌ಟೌನ್ ಪಕ್ಕದ ಮಕಂಜಿ ಎಂಬ ಸಣ್ಣ ಊರಿಗೆ ಬನ್ನಿ. ಹಳೆಯ ಲಾರಿಗಳ ಕ್ಲಬ್ಬಿನವರು ಅಲ್ಲಿನ ಪಾರ್ಕಿನಲ್ಲಿ ಜಾತ್ರೆ ಮಾಡುತ್ತಾರೆ. ನಮ್ಮೂರ ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ ಎತ್ತು ನೋಡುವ ಹಾಗೆ ಇಲ್ಲಿ ಮುದುಕರು ಬಾನೆಟ್ ಎತ್ತಿ ನೋಡುತ್ತಾರೆ. ಸಿಗದ ಭಾಗ ಅಲ್ಲಿ ಸಿಗುತ್ತದೆ, ಅದಕ್ಕಿಂತ ಸಿಗದ ಮಾತೂ ಸಿಗುತ್ತದೆ.

ಮೊದಲ ಸಲ ರಸ್ತೆಗೆ ಇಳಿದಾಗ ಐದು ಮೈಲಿಗೆ ಒಮ್ಮೆ ನಿಲ್ಲಿಸಿ. ಎಲ್ಲ ಚಕ್ರದ ಹಬ್ಬಿನ ಹತ್ತಿರ ಅಂಗೈ ಬೇಡ, ಕೈಯ ಹಿಂಭಾಗ ಹಿಡಿದು ಕಾವು ನೋಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಮುಂದೆ ಹೋಗಿ. ಒಂದೇ ಒಂದು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕು ಬಿಡುತ್ತಿಲ್ಲ. ಅಲ್ಲೇ ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಜಾಕ್ ಹೊರಗೆ ತೆಗೆಯಿರಿ.